ಒಗ್ಗರಣೆ ಇಲ್ಲದ ಸಾರು

ನಮ್ಮ ಮನೆಯಲ್ಲಿ ದಿನವೂ ಎರಡು ಸಾರು ಆಗುತ್ತಿದ್ದವು. ಬೇಳೆ ಒಂದೇ, ಹುಣಸೆಹುಳಿ ಒಂದೇ, ಖಾರ ಒಂದೇ. ಕುದಿ ಬಂದ ಮೇಲೆ ಅವ್ವ ಎರಡು ಸೌಟು ಸಾರನ್ನು ತನ್ನ ಬೋಗುಣಿಗೆ ತೆಗೆದಿಟ್ಟುಕೊಂಡು, ಉಳಿದದ್ದಕ್ಕೆ ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಹಾಕಿ ಚುರ್ ಅನ್ನಿಸುತ್ತಿದ್ದಳು. ಒಗ್ಗರಣೆ ಹಾಕಿದ್ದು ನಮಗೆ, ಹಾಕದ್ದು ಅವಳಿಗೆ. ನಮಗೆ ಹಪ್ಪಳ ಕರಿದರೆ ತಾನೊಂದನ್ನು ಕೆಂಡದ ಮೇಲೆ ಸುಟ್ಟುಕೊಳ್ಳುತ್ತಿದ್ದಳು. ಮದುವೆಮನೆಗೆ ಹೋದರೆ ಬರೀ ಅನ್ನ ಮೊಸರು ಕಲಸಿ ಎರಡು ತುತ್ತು ತಿಂದು ಎಲೆ ಮಡಿಚುತ್ತಿದ್ದಳು. ಯಾರಾದರೂ ಕೇಳಿದರೆ ಎಣ್ಣೆ ಒಗ್ಗುವುದಿಲ್ಲ ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಹೀಗೆ ಒಂದು ದಿನವಲ್ಲ, ಒಂದು ವರ್ಷವಲ್ಲ, ಸಾಯುವವರೆಗೂ. ಅದಕ್ಕೆ ಕಾರಣ ನಾನು. ಈ ಮಾತನ್ನು ಆಡಬೇಕಾದವರ ಮುಂದೆ ಆಡದೆ ಈಗ ಕಾಗದದ ಮೇಲೆ ಬರೆಯಲು ಕೂತಿದ್ದೇನೆ. ಕೈ ಹಿಂದಕ್ಕೆ ಸರಿಯುತ್ತದೆ. ಸರಿಯಲಿ, ನಾನು ಬಿಡುವವಳಲ್ಲ.

ಸಿರುಗುಪ್ಪದ ಕಡೆ ಕಾಲುವೆ ದಂಡೆಯ ಮೇಲಿನ ಊರು ನಮ್ಮದು. ಎತ್ತ ನೋಡಿದರೂ ಭತ್ತ. ಅಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ, ಬರುವಾಗ ಹೆಗಲ ಮೇಲಿನ ಟವೆಲಿನಲ್ಲಿ ನುಚ್ಚಕ್ಕಿ ಕಟ್ಟಿಕೊಂಡು ಬರುತ್ತಿದ್ದ. ಮಲ್ಲಿಗೆಯಷ್ಟು ಬಿಳಿ ನುಚ್ಚು. ಬೆಳಿಗ್ಗೆ ಅದರದೇ ಗಂಜಿ, ಮಧ್ಯಾಹ್ನ ಅದರದೇ ಅನ್ನ, ಮೇಲಿಷ್ಟು ಕೆಂಪು ಖಾರ. ಬೆಳ್ಳನೆಯ ಅನ್ನ ಉಣ್ಣುವ ಮಂದಿ ನಾವು ಎಂದು ಅಪ್ಪನ ತಾಯಿ, ನಮ್ಮಜ್ಜಿಗೆ, ಬಲು ಜಂಬ. ಜೋಳದ ರೊಟ್ಟಿ ತಿನ್ನುವವರನ್ನು ಕಂಡರೆ ಆಕೆ ಅಯ್ಯೋ ಪಾಪ ಅನ್ನುತ್ತಿದ್ದಳು. ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ದೇವರ ಜಗುಲಿಯಿದ್ದ ಕಿಟಕಿಯಿಲ್ಲದ ಕೋಣೆ. ಹಿಂದೆ ಹಿತ್ತಲು, ಅಲ್ಲೊಂದು ಆಡಿನ ಕೊಟ್ಟಿಗೆ, ಗೋಡೆಗೆ ಒರಗಿದಂತೆ ಒಂದು ನುಗ್ಗೆ ಮರ. ಅದರ ಕಾಯಿ ನಮಗೆ, ಸೊಪ್ಪು ಆಡಿಗೆ. ನುಗ್ಗೆ ಸೊಪ್ಪು ಉಷ್ಣ, ಎಳೆ ಮಕ್ಕಳಿಗೆ ತಿನ್ನಿಸಿದರೆ ಹೊಟ್ಟೆ ಕೆಡುತ್ತದೆ ಎಂಬುದು ಅಜ್ಜಿಯ ಕಾಯ್ದೆ. ಆಡಿನ ಹಾಲು ಚಹಾದಂಗಡಿಗೆ ಹೋಗುತ್ತಿತ್ತು. ಹೀಗೆ ನಮ್ಮನೆಯ ಆಡು ಸೊಪ್ಪು ತಿಂದು ಮಿರಮಿರ ಮಿಂಚುತ್ತಿತ್ತು, ನಾವು ನುಚ್ಚು ತಿಂದು ಹೊಟ್ಟೆ ತುಂಬಿತು ಅಂದುಕೊಂಡಿದ್ದೆವು. ಹೊಟ್ಟೆ ತುಂಬುತ್ತಿದ್ದುದು ಸುಳ್ಳಲ್ಲ.

ನನಗೆ ಆಗ ಒಂಬತ್ತು ವರ್ಷ, ತಂಗಿ ಗಂಗಿಗೆ ನಾಲ್ಕು. ನಮ್ಮಿಬ್ಬರ ನಡುವೆ ಒಬ್ಬ ತಮ್ಮ ಹುಟ್ಟಿ ಹೋಗಿದ್ದ. ಅವನಿಗೆ ಅಮ್ಮ ಬಂದಿತ್ತು. ಮೈಮೇಲೆ ದಡಾರ ಎದ್ದರೆ ನಮ್ಮಲ್ಲಿ ಅದನ್ನು ರೋಗ ಎನ್ನುತ್ತಿರಲಿಲ್ಲ, ಅಮ್ಮ ಬಂದಾಳ ಎನ್ನುತ್ತಿದ್ದರು. ದೇವಿ ಮನೆಗೆ ಬಂದಿದ್ದಾಳೆ, ಆಕೆ ತಾನಾಗಿ ಹೋಗುವವರೆಗೆ ಮನೆ ತಣ್ಣಗಿರಬೇಕು. ಬಾಗಿಲಿಗೆ ಬೇವು ಕಟ್ಟಬೇಕು, ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು, ತಲೆಗಾಗಲಿ ಬಾಯಿಗಾಗಲಿ ಎಣ್ಣೆ ಸೋಕಬಾರದು, ಹೊರಗಿನವರು ಹೊಸ್ತಿಲು ದಾಟಬಾರದು. ಜಗುಲಿಯ ಮುಂದಿನ ದೀಪಕ್ಕೆ ಮಾತ್ರ ಎಣ್ಣೆ. ತಮ್ಮನಿಗೆ ಅಮ್ಮ ಬಂದಾಗ ಅಪ್ಪ ಮಿಲ್ಲಿನಿಂದ ಬರುತ್ತ ಅಭ್ಯಾಸಬಲದಿಂದ ಎಣ್ಣೆಯಲ್ಲಿ ಕರಿದ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದು ಪಡಸಾಲೆಯಲ್ಲೇ ಕೂತು ತಿಂದನಂತೆ. ಮರುದಿನ ಮಗು ಹೋಯಿತು. ಅಜ್ಜಿ ಮಗನನ್ನು ಅದಕ್ಕಾಗಿ ಕೊನೆಯವರೆಗೂ ಕ್ಷಮಿಸಲಿಲ್ಲ. ಅಪ್ಪನೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ ಅಂತ ಕಾಣುತ್ತದೆ, ಮತ್ತೆಂದೂ ಅವನು ಮಿರ್ಚಿ ತಿಂದದ್ದನ್ನು ನಾನು ನೋಡಲಿಲ್ಲ. ನಮ್ಮ ಮನೆಯಲ್ಲಿ ತಿನ್ನುವುದನ್ನು ಬಿಡುವುದು ಹೀಗೆ ಮೊದಲೇ ಶುರುವಾಗಿತ್ತು.

ಗಂಗಿಯ ಕಣ್ಣಿನ ತೊಂದರೆ ಅವಳಿಗೆ ಅಮ್ಮ ಬರುವುದಕ್ಕಿಂತ ಎಷ್ಟೋ ತಿಂಗಳು ಹಿಂದೆಯೇ ಶುರುವಾಗಿತ್ತು, ನಾವು ಗುರುತಿಸಲಿಲ್ಲ. ಹಗಲೆಲ್ಲ ಕುಣಿಯುವ ಹುಡುಗಿ ಹೊತ್ತು ಇಳಿಯುತ್ತಿದ್ದಂತೆ ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂತುಬಿಡುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ, ನಾನು ಕೈ ಹಿಡಿದರೆ ಮಾತ್ರ ಏಳುತ್ತಿದ್ದಳು. ಸಂಜೆಗೆ ಕೋಳಿ ಗೂಡು ಸೇರಿದ ಹಾಗೆ ನಮ್ಮ ಗಂಗಿ ಕಂಬ ಸೇರುತ್ತಾಳೆ ಎಂದು ನಗುತ್ತಿದ್ದೆವು. ಅಜ್ಜಿಯಂತೂ ಓಣಿಯ ಹೆಂಗಸರ ಮುಂದೆಲ್ಲ ಹೊಗಳುತ್ತಿದ್ದಳು.

"ಲಿಂಗಿ ಬಜಾರಿ ಐತಿ, ಹೊತ್ತು ಮುಳುಗಿದ್ರೂ ಓಣಿ ತಿರಗತೈತಿ. ಗಂಗಿ ನೋಡ್ರಿ, ಕುಂತಲ್ಲೇ ಕುಂತಿರ್ತೈತಿ. ಗುಣ ಅಂದ್ರ ಗುಣ."

ಲಿಂಗಿ ಎಂದರೆ ನಾನು. ಆ ಹೊಗಳಿಕೆಗೆ ಹೊಟ್ಟೆ ಉರಿದು ನಾನೊಂದು ಆಟ ಕಂಡುಹಿಡಿದೆ. ಮಬ್ಬಾಗುವಾಗ ಗಂಗಿಯನ್ನು ಕೈ ಹಿಡಿದು ಒಯ್ದು ಹಿತ್ತಲ ನುಗ್ಗೆ ಮರದ ಕೆಳಗೆ ಕೂರಿಸಿ, ಮುಂದೆ ಹುಣಸೆ ಬೀಜ ಚೆಲ್ಲಿ ಆರಿಸು ಅನ್ನುತ್ತಿದ್ದೆ. ಅವಳು ಎರಡೂ ಕೈಯಿಂದ ನೆಲ ಸವರುತ್ತಿದ್ದಳು, ಬೀಜ ಮೂಗಿನ ಮುಂದೆಯೇ ಇದ್ದರೂ ಸಿಗುತ್ತಿರಲಿಲ್ಲ. ನಾನು ಬಿದ್ದು ಬಿದ್ದು ನಗುತ್ತಿದ್ದೆ, ನಾನು ನಗುವುದು ಕೇಳಿ ಅವಳೂ ನಗುತ್ತಿದ್ದಳು. ಅದಕ್ಕೆ ಇರುಳುಗಣ್ಣು ಎಂಬ ಹೆಸರಿದೆ, ಸೊಪ್ಪು, ಹಾಲು, ಹಳದಿ ಹಣ್ಣು ಕಾಣದ ಕೂಸುಗಳಿಗೆ ಮೊದಲು ಸಂಜೆಯ ಬೆಳಕು ಹೋಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಬಹಳ ನೀರು ಕಾಲುವೆಯಲ್ಲಿ ಹರಿದುಹೋಗಿತ್ತು. ಸೊಪ್ಪಿನ ಮರದ ಬುಡದಲ್ಲೇ ಕೂತು ನಾವು ಆ ಆಟ ಆಡುತ್ತಿದ್ದೆವಲ್ಲ, ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ಬೇಸಿಗೆಯಲ್ಲಿ ಗಂಗಿಗೆ ಅಮ್ಮ ಬಂದಳು. ಮೈಯೆಲ್ಲ ಕೆಂಪು, ಸುಡುವ ಜ್ವರ, ಕಣ್ಣಿನ ರೆಪ್ಪೆ ಅಂಟಿಕೊಂಡು ಪಿಸುರು. ಅಜ್ಜಿ ಬಾಗಿಲಿಗೆ ಬೇವು ಕಟ್ಟಿದಳು. ದೇವರ ಕೋಣೆಯಲ್ಲಿ ಬೇವಿನ ಎಲೆ ಹರವಿ ಗಂಗಿಯನ್ನು ಮಲಗಿಸಿದಳು. ಊಟಕ್ಕೆ ತಣ್ಣನೆ ಗಂಜಿ, ಮಜ್ಜಿಗೆ. ಎರಡನೆಯ ದಿನಕ್ಕೆ ಸರಿಯಾಗಿ ಅವ್ವ ಮುಟ್ಟಾದಳು. ಮುಟ್ಟಾದವಳು ಅಮ್ಮನಿದ್ದ ಕೋಣೆಗೆ ಬರುವುದಿರಲಿ, ನೆರಳೂ ಬೀಳಬಾರದು. ಅವ್ವ ಚಾಪೆ ಸುತ್ತಿಕೊಂಡು ಹಿತ್ತಲ ಆಡಿನ ಕೊಟ್ಟಿಗೆಗೆ ಹೋದಳು. ಗಂಗಿ ಅವ್ವಾ ಅವ್ವಾ ಎಂದು ಅತ್ತದ್ದು ಅಲ್ಲಿಗೂ ಕೇಳಿಸುತ್ತಿತ್ತು, ಅವ್ವ ಗೋಡೆಯಾಚೆಯಿಂದ ಇಲ್ಲೇ ಅದೀನಿ ಮಗಾ ಎಂದು ಕೂಗುತ್ತಿದ್ದಳು. ನಾಲ್ಕು ದಿನ ತಂಗಿಯ ಬಳಿ ಕೂರುವ ಕೆಲಸ ನನಗೆ ಬಿತ್ತು. ಬೇವಿನ ಸೊಪ್ಪಿನಿಂದ ಗಾಳಿ ಹಾಕಬೇಕು, ಗಂಜಿ ಕುಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕೆಲಸ, ಜಗುಲಿಯ ದೀಪ ನೋಡಿಕೊಳ್ಳುವುದು. ಅಮ್ಮ ಮನೆಯಲ್ಲಿರುವವರೆಗೆ ದೀಪ ಆರಬಾರದು, ಆರಿದರೆ ಕೂಸೂ ಆರಿಹೋಗುತ್ತದೆ ಎಂದು ಅಜ್ಜಿ ನನ್ನ ಕಿವಿ ಹಿಡಿದು ಹೇಳಿದ್ದಳು. ತಮ್ಮನ ಕಥೆಯನ್ನೂ ಇನ್ನೊಮ್ಮೆ ಹೇಳಿದ್ದಳು.

ಮೂರನೆಯ ದಿನ ಮಧ್ಯಾಹ್ನ ಸರ್ಕಾರಿ ದವಾಖಾನೆಯ ಸಿಸ್ಟರಮ್ಮ ಬಂದಳು. ಊರಲ್ಲಿ ಐದಾರು ಮನೆಗೆ ಅಮ್ಮ ಬಂದದ್ದು ಕೇಳಿ ಬಂದಿದ್ದಳು. ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. ಸಿಸ್ಟರಮ್ಮ ಒಳ್ಳೆಯ ಮಾತಿನಲ್ಲಿ ಹೇಳಿದಳು, ಗದರಿದಳು, ಇದು ಔಷಧಿ, ಕಣ್ಣು ಉಳಿಸುವ ಎಣ್ಣೆ, ಒಂದೇ ಚಮಚ ಸಾಕು ಎಂದಳು. ಎಣ್ಣೆ ಎಂಬ ಮಾತು ಕೇಳಿದ್ದೇ ಅಜ್ಜಿ ಎದ್ದು ನಿಂತಳು. ಒಬ್ಬನನ್ನು ಕೊಟ್ಟಿದ್ದೇನೆ, ಇನ್ನೊಬ್ಬಳನ್ನು ಕೊಡುವುದಿಲ್ಲ ಎಂದು ಕೈ ಮುಗಿದಳು. ಸಿಸ್ಟರಮ್ಮ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಪಕ್ಕದ ಸಂದಿಯಲ್ಲಿ ಹಿಂದಿನ ಓಣಿಗೆ ಹೊರಟಾಗ ಅವ್ವ ಹಿತ್ತಲ ಗೋಡೆಯ ಮೇಲಿಂದ ಕೈ ಬೀಸಿ ಕರೆದಳು. ಆಮೇಲೆ ನನ್ನನ್ನು ಕರೆದಳು. ನಾನು ಬಟ್ಟಲು ಹಿಡಿದು ಹೋದೆ. ಸಿಸ್ಟರಮ್ಮ ಗೋಡೆಯ ಮೇಲಿಂದಲೇ ಕಂದು ಬಾಟಲಿ ಬಗ್ಗಿಸಿ, ಚಮಚದಲ್ಲಿ ಅಳೆದು, ಹಳದಿ ಬಣ್ಣದ ಎಣ್ಣೆಯನ್ನು ನನ್ನ ಬಟ್ಟಲಿಗೆ ಹಾಕಿದಳು. ಈಗಲೇ ಕುಡಿಸು, ಸ್ವಲ್ಪವೂ ಚೆಲ್ಲಬೇಡ ಎಂದಳು. ಅವ್ವ ದೂರ ನಿಂತೇ ಇದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ನಾ ಮುಟ್ಟಿಲ್ಲವ್ವ ಲಿಂಗಿ, ನೋಡಿದೀಯಿಲ್ಲ? ಮೈಲಿಗಿ ಏನೂ ಆಗಿಲ್ಲ. ನಿಮ್ಮಜ್ಜಿ ನೀರಿಗೆ ಹೋದಾಗ ಕುಡಿಸಿಬಿಡು. ಪಾಪ ಬಂದ್ರ ನನಗ ಬರ್ಲಿ."

ಅಜ್ಜಿ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ನಾನು ಬಟ್ಟಲು ಹಿಡಿದು ಕೋಣೆಗೆ ಬಂದೆ. ಗಂಗಿ ಕಣ್ಣು ಮುಚ್ಚಿ ಮಲಗಿದ್ದಳು, ತುಟಿ ಒಡೆದಿತ್ತು. ಚಮಚದಷ್ಟು ಎಣ್ಣೆ, ಬಾಯಿ ತೆರೆಸಿ ಹಾಕಿದ್ದರೆ ಮುಗಿದಿತ್ತು. ನಾನು ಬಟ್ಟಲನ್ನು ತುಟಿಯ ತನಕ ಒಯ್ದೆ ಕೂಡ. ಅಷ್ಟರಲ್ಲಿ ಜಗುಲಿಯ ದೀಪ ಚಟಪಟ ಅಂದಿತು. ನೋಡಿದರೆ ಹಣತೆಯ ಎಣ್ಣೆ ತೀರಿದೆ, ಬತ್ತಿ ಕರಿಯಾಗುತ್ತಿದೆ. ಎಣ್ಣೆಯ ಗಿಂಡಿ ಅಡುಗೆಮನೆಯ ಅಟ್ಟದ ಮೇಲಿತ್ತು, ನನಗೆ ನಿಲುಕುತ್ತಿರಲಿಲ್ಲ. ನನ್ನ ಕೈಯಲ್ಲಿ ಎಣ್ಣೆ ತಂದದ್ದಕ್ಕೇ ಅಮ್ಮ ಸಿಟ್ಟಾಗಿ ದೀಪ ಆರಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ತಮ್ಮನ ಸತ್ತ ಮುಖ ಕಣ್ಣ ಮುಂದೆ ಬಂತು. ಬಟ್ಟಲಿನಲ್ಲಿದ್ದುದನ್ನೆಲ್ಲ ಹಣತೆಗೆ ಸುರಿದುಬಿಟ್ಟೆ. ತಪ್ಪಾಯಿತು ತಾಯಿ ಎಂದು ಗಲ್ಲ ಗಲ್ಲ ಬಡಿದುಕೊಂಡೆ. ದೀಪ ಒಂದು ಗಳಿಗೆ ತಡೆದು ದೊಡ್ಡದಾಗಿ ಉರಿಯಿತು. ಕೋಣೆಯ ಮೂಲೆ ಮೂಲೆ ಬೆಳಗಿತು, ಮೀನಿನಂಥ ಏನೋ ಒಂದು ವಾಸನೆ ಹರಡಿತು. ಎರಡು ದಿನದಿಂದ ಕಣ್ಣು ಬಿಡದಿದ್ದ ಗಂಗಿ ರೆಪ್ಪೆ ಬಿಡಿಸಿಕೊಂಡು ಅತ್ತ ತಿರುಗಿ, ಅಕ್ಕಾ ದೀಪ, ಎಂದಳು. ಅಮ್ಮ ಒಲಿದಳು ಅಂದುಕೊಂಡೆ. ಇಂಥ ಸಂತೋಷ ನನಗೆ ಜೀವಮಾನದಲ್ಲಿ ಮತ್ತೆ ಆಗಿಲ್ಲ, ಅದನ್ನು ಹೇಳದಿದ್ದರೆ ಈ ಕಥೆ ಅರ್ಧ ಸುಳ್ಳಾಗುತ್ತದೆ.

ಬಟ್ಟಲು ತೊಳೆಯಲು ಹಿತ್ತಲಿಗೆ ಹೋದೆ. ಅವ್ವ ಕೊಟ್ಟಿಗೆಯ ಬಾಗಿಲಲ್ಲೇ ಕಾದು ನಿಂತಿದ್ದಳು.

"ಕುಡಿಸಿದೇನು?"

"ಹೂಂ, ಕುಡಿಸಿದೆ."

ಅವ್ವ ಬಟ್ಟಲನ್ನು ನೋಡಿದಳು, ತಳದಲ್ಲಿ ಹಳದಿ ಅಂಟಿತ್ತು, ಬೇರೇನೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಆ ಸಂಜೆ ಒಂದಿಷ್ಟು ನೆಮ್ಮದಿಯಿಂದ ಉಂಡದ್ದು ನನಗೆ ನೆನಪಿದೆ, ಕೊಟ್ಟಿಗೆಯ ಮುಂದೆ ಕೂತು ನಾನೇ ಮೇಲಿನಿಂದ ತಟ್ಟೆಗೆ ಹಾಕಿದ್ದೆ.

ನಾಲ್ಕನೆಯ ದಿನ ಕಳೆದು ತಲೆಗೆ ನೀರು ಹಾಕಿಕೊಂಡು ಅವ್ವ ಒಳಗೆ ಬಂದಳು. ಗಂಗಿಯ ಮುಖ ಎತ್ತಿ, ಒದ್ದೆ ಬಟ್ಟೆಯಿಂದ ಪಿಸುರು ಒರೆಸಿ, ರೆಪ್ಪೆ ಬಿಡಿಸಿದಳು. ಕೂಗಲಿಲ್ಲ. ಕೂಸನ್ನು ಎತ್ತಿ ಬೆಳಕಿಗೆ ತಂದು ಇನ್ನೊಮ್ಮೆ ನೋಡಿದಳು. ಒಂದು ಕಣ್ಣಿನ ಕರಿಗುಡ್ಡೆ ಇದ್ದಲ್ಲಿ ಮಸುಕಾದ, ಮೆತ್ತನೆಯ ಏನೋ ಒಂದು ಇತ್ತು. ಇನ್ನೊಂದರ ಮೇಲೆ ಬಿಳಿ ಹೂ ಬಿದ್ದಿತ್ತು. ಅವಳು ಅಜ್ಜಿಯನ್ನು ಕೇಳಲಿಲ್ಲ, ಅಮ್ಮನನ್ನು ಕಳಿಸುವ ಶಾಸ್ತ್ರಕ್ಕೆ ಕಾಯಲಿಲ್ಲ, ಬೇವಿನ ತೋರಣ ತಲೆಯಿಂದಲೇ ದೂಡಿಕೊಂಡು ಹೊರಗೆ ನಡೆದಳು. ಅಪ್ಪ ಮಿಲ್ಲಿನಿಂದ ಓಡಿ ಬಂದ. ಬಳ್ಳಾರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆವು. ಕುರುಗೋಡಿನ ಗುಡ್ಡ ಕಂಡಾಗ ಅವ್ವ, ಗಂಗೀ ನೋಡು ಮಗಾ, ಎಷ್ಟು ದೊಡ್ಡ ಗುಡ್ಡ ನೋಡು, ಎಂದು ಮುಖವನ್ನು ಅತ್ತ ತಿರುಗಿಸಿದಳು. ಗಂಗಿ, ಎಲ್ಲೈತವ್ವ, ಎಂದಳು. ಅವ್ವ ಕಿಟಕಿಯ ಕಡೆಗಿದ್ದ ಅವಳ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಳು.

ದೊಡ್ಡಾಸ್ಪತ್ರೆಯ ಡಾಕ್ಟರು ವಯಸ್ಸಾದವರು. ಬೈಯಲಿಲ್ಲ. ಮೂರ್ನಾಲ್ಕು ದಿನ ಮೊದಲು ಬರಬೇಕಿತ್ತು ಎಂದು ಮೆಲ್ಲಗೆ ಹೇಳಿ, ಹಳದಿ ಎಣ್ಣೆ ಏನಾದರೂ ಕುಡಿಸಿದ್ದಿರಾ ಎಂದು ಕೇಳಿದರು. ಅವ್ವ, ಕುಡಿಸೀವ್ರಿ, ಎಂದಳು. ನಾನು ಅವಳ ಸೀರೆಯ ನಿರಿಗೆ ಹಿಡಿದು ನಿಂತಿದ್ದೆ. ಡಾಕ್ಟರು ಹುಬ್ಬು ಗಂಟು ಹಾಕಿ, ಏನೋ ಬರೆದುಕೊಂಡು, ಆದರೂ ಮತ್ತೊಮ್ಮೆ ಕುಡಿಸಿ ಎಂದು ನರ್ಸಿಗೆ ಹೇಳಿದರು. ಅದೇ ಬಣ್ಣ, ಅದೇ ವಾಸನೆ. ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ. ಕತ್ತಲು ಬೆಳಕು ಎರಡರ ಗುರುತು ಮಾತ್ರ ಒಂದು ಕಣ್ಣಿಗೆ ಸಿಗುತ್ತಿತ್ತು, ಒಂದೆರಡು ವರ್ಷದಲ್ಲಿ ಅದೂ ಹೋಯಿತು.

ಊರಿಗೆ ಮರಳಿದ ದಿನ ಪಡಸಾಲೆಯಲ್ಲಿ ಅವ್ವ ಅಜ್ಜಿಯ ಕಾಲ ಹತ್ತಿರ ಕುಸಿದು ಕೂತಳು. ಅವಳೇ ಹೇಳಿದಳು, ಯಾರೂ ಕೇಳಿರಲಿಲ್ಲ.

"ಅತ್ತಿ, ನಿಮಗ ತಿಳೀದಂಗ ಕೂಸಿಗೆ ಎಣ್ಣಿ ಕುಡಿಸ್ದೆ. ಹೊರಗ ಕುಂತಾಕಿ ನಾ. ಅಮ್ಮ ಕಣ್ಣು ಕಿತ್ಕೊಂಡ್ಲು."

ಅಜ್ಜಿ ಎದೆ ಬಡಿದುಕೊಂಡಳು. ಮಗ ಒಬ್ಬನನ್ನು ತಿಂದ, ಸೊಸೆ ಒಬ್ಬಳ ಕಣ್ಣು ತಿಂದಳು ಎಂದು ಓಣಿಗೆ ಕೇಳುವಂತೆ ಅತ್ತಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಅಲ್ಲೇ, ಗಂಗಿ ಕೂರುತ್ತಿದ್ದ ಕಂಬದ ಪಕ್ಕ ಇದ್ದೆ. ಇಲ್ಲವ್ವ, ಕುಡಿಸಲಿಲ್ಲ, ದೀಪಕ್ಕೆ ಸುರಿದೆ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂತು. ಸುಳ್ಳು ಹೇಳಿದ್ದಕ್ಕೆ ಹೊಡೆಯುತ್ತಾರೆ ಎಂಬ ಭಯಕ್ಕೆ ನುಂಗಿದೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಆ ರಾತ್ರಿಯ ಅಡುಗೆಯಲ್ಲೇ ಅವ್ವ ತನ್ನ ಪಾಲಿನ ಸಾರನ್ನು ಒಗ್ಗರಣೆಗೆ ಮೊದಲು ತೆಗೆದಿಟ್ಟುಕೊಂಡಳು. ಅಮ್ಮನಿಗೆ ತಪ್ಪು ಕಾಣಿಕೆ ಎಂದು ಎಣ್ಣೆ ಬಿಟ್ಟಳು, ಬಿಟ್ಟದ್ದನ್ನು ಮತ್ತೆ ಹಿಡಿಯಲಿಲ್ಲ. ಅಮ್ಮ ಒಲಿದಿದ್ದಾಳೆ ಎಂಬ ನನ್ನ ಸಂತೋಷ ಅಷ್ಟು ಹೊತ್ತಿಗೆ ಎಲ್ಲಿಗೆ ಹೋಯಿತೋ ತಿಳಿಯದು.

ಒಂಬತ್ತು ವರ್ಷದ ಹುಡುಗಿಯನ್ನು ಕ್ಷಮಿಸಬಹುದು, ನಾನೂ ಎಷ್ಟೋ ಸಲ ಕ್ಷಮಿಸಿದ್ದೇನೆ. ಆದರೆ ದೊಡ್ಡವಳಾದ ಮೇಲೆ ನನಗೆ ಕುರುಗೋಡಿನಲ್ಲಿ ಅಂಗನವಾಡಿಯ ಕೆಲಸ ಸಿಕ್ಕಿತು. ಬಳ್ಳಾರಿಯ ಗಾಂಧಿನಗರದಲ್ಲಿ ತರಬೇತಿ. ಮೇಡಂ ಒಬ್ಬರು ಕಂದು ಬಾಟಲಿ ಎತ್ತಿ ಹಿಡಿದು, ಇದು ಎ ಜೀವಸತ್ವ, ದಡಾರ ಬಂದಾಗ ಮೈಯಲ್ಲಿದ್ದ ಅಷ್ಟಿಷ್ಟೂ ಖಾಲಿಯಾಗುತ್ತದೆ, ಆಗಲೇ ಕೊಡಬೇಕು ಎಂದರು. ಮುಚ್ಚಳ ತೆಗೆದಾಗ ಅದೇ ವಾಸನೆ. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆದೆ, ಮತ್ತೆ ಮತ್ತೆ ತೊಳೆದೆ. ಆ ವಾರವೇ ಊರಿಗೆ ಹೋದೆ, ಈ ಸಲ ಹೇಳಿಯೇ ಬರುತ್ತೇನೆ ಅಂತ. ಅವ್ವ ಒಲೆಯ ಮುಂದೆ ಕೂತು ಸಪ್ಪೆ ಸಾರು ಸುರಿದುಕೊಂಡು ಉಣ್ಣುತ್ತಿದ್ದಳು. ನನ್ನನ್ನು ಕಂಡು, ಟೀಚರಮ್ಮ ಬಂದ್ಲು ನೋಡ್ರಿ, ಎಂದು ಮುಖ ಅರಳಿಸಿದಳು. ಹೇಳಿದರೆ ಅವಳ ಪಾಪ ಇಳಿಯುತ್ತಿತ್ತು, ನನ್ನದು ಏರುತ್ತಿತ್ತು. ಆ ಅರಳಿದ ಮುಖ ನನಗೆ ಬೇಕಾಗಿತ್ತು. ಊಟ ಮಾಡಿ ವಾಪಸ್ಸು ಬಂದೆ. ನೌಕರಿಯಿರುವಷ್ಟು ಕಾಲ ಆ ಎಣ್ಣೆಯನ್ನು ಒಂದು ಮಗುವಿಗೂ ಮನೆಗೆ ಕೊಟ್ಟು ಕಳಿಸಲು ಬಿಡಲಿಲ್ಲ, ಹೊಸ್ತಿಲಿಗೆ ಅಡ್ಡ ಕೂತ ಅಜ್ಜಿಯರ ಜೊತೆ ಜಗಳವಾಡಿ ಒಳಗೆ ಹೋಗಿ, ನನ್ನ ಕಣ್ಣೆದುರು ನುಂಗಿಸಿ, ಬಾಯಿ ತೆರೆಸಿ ನೋಡಿದೆ. ಬಾಯಿಬಡುಕಿ ಟೀಚರು ಅಂತ ಹೆಸರೂ ಬಂತು. ಅದನ್ನು ಪ್ರಾಯಶ್ಚಿತ್ತ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಪ್ರಾಯಶ್ಚಿತ್ತ ಮಾಡುತ್ತಿದ್ದವಳು ಅವ್ವ.

ಈಗ ಅವ್ವ ಇಲ್ಲ. ಗಂಗಿ ಕುರುಡು ಮಕ್ಕಳ ಶಾಲೆಯಲ್ಲಿ ಓದಿ, ಕುರ್ಚಿಗೆ ಬೆತ್ತ ಹೆಣೆಯುವುದು ಕಲಿತು, ಅದರಲ್ಲೇ ದುಡಿದು ತನ್ನ ಕಾಲ ಮೇಲೆ ನಿಂತಳು. ನಾವಿಬ್ಬರೂ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಸಾರಿಗೆ ಹುಳಿ ಕಮ್ಮಿಯಾದರೆ ನನಗಿಂತ ಮೊದಲು ಅವಳಿಗೆ ವಾಸನೆಯಲ್ಲೇ ತಿಳಿಯುತ್ತದೆ, ಚೇಷ್ಟೆ ಮಾಡುತ್ತಾಳೆ. ಅವಳಿಗೆ ಕಣ್ಣಿದ್ದ ಕಾಲದ ನೆನಪು ಒಂದೇ ಒಂದು. ಪಕ್ಕದ ಮನೆಯ ಮಕ್ಕಳು ಬಂದು, ಗಂಗಮ್ಮ, ಬೆಳಕು ಹೆಂಗಿರ್ತೈತಿ ನಿಮಗ ನೆನಪೈತೇನು, ಎಂದು ಕೇಳಿದರೆ ಅವಳು ಕೈಯಲ್ಲಿದ್ದ ಬೆತ್ತ ಕೆಳಗಿಟ್ಟು ಹೇಳುತ್ತಾಳೆ. ಒಂದು ಕತ್ತಲೆ ಕೋಣೆಯಂತೆ, ಅಲ್ಲೊಂದು ದೀಪ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಎದ್ದು ಉರಿಯಿತಂತೆ, ಅಷ್ಟು ಚೆಂದದ್ದು ಲೋಕದಲ್ಲಿ ಬೇರೆ ಇರಲಾರದಂತೆ. ಆಗೆಲ್ಲ ನಾನು ಏನೋ ಕೆಲಸ ನೆನಪಾದಂತೆ ಒಳಗೆ ಹೋಗುತ್ತೇನೆ.

ಈ ವರ್ಷ ಅವ್ವನ ತಿಥಿಯ ದಿನ ಬೆಳಿಗ್ಗೆ ಎಡೆಯ ಅಡುಗೆ ಮಾಡುತ್ತಿದ್ದೆ. ಪ್ರತಿ ವರ್ಷದಂತೆ ಅವ್ವನ ಎಡೆಗೆಂದು ಎರಡು ಸೌಟು ಸಾರನ್ನು ಒಗ್ಗರಣೆಗೆ ಮೊದಲೇ ಬೋಗುಣಿಗೆ ತೆಗೆದಿಟ್ಟೆ. ಗಂಗಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುಲಿಯುತ್ತ ಸುಲಿಯುತ್ತ, ಪಾಪ ಅವ್ವ, ನನ್ನ ಕಣ್ಣಿಗಾಗಿ ಬಾಯಿ ಕಟ್ಟಿದಳು, ಎಂದಳು. ಯಾವತ್ತೂ ಹೇಳುವ ಮಾತೇ. ಅವತ್ತು ಮಾತ್ರ ನನಗೆ ತಡೆಯಲಾಗಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದೆ, ಬಟ್ಟಲು, ದೀಪ, ಹೂಂ ಅಂದದ್ದು, ಪಡಸಾಲೆ, ಟೀಚರಮ್ಮ. ನೀನು ಕಂಡ ದೀಪದಲ್ಲಿ ಉರಿದದ್ದು ನಿನ್ನ ಕಣ್ಣೇ ಗಂಗಿ ಎಂದೂ ಹೇಳಿದೆ. ಸಾರು ಕುದಿದು ಒಲೆಗೆ ಉಕ್ಕಿತು, ನಾನು ಇಳಿಸಲಿಲ್ಲ. ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತ್ತು. ಅವಳು ಅಳಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನನಗ್ಯಾಕ ಹೇಳ್ತಿ ಅಕ್ಕ. ಅವ್ವಗ ಹೇಳಬೇಕಿತ್ತು."

ಉಳಿದ ಬೆಳ್ಳುಳ್ಳಿಯನ್ನು ಸುಲಿದು ಮುಗಿಸಿ ಅವಳು ಗೋಡೆ ಹಿಡಿದು ಎದ್ದು ಬಂದಳು. ಕಟ್ಟೆಯ ಮೇಲೆ ಕೈಯಾಡಿಸಿ, ನಾನು ತೆಗೆದಿಟ್ಟಿದ್ದ ಬೋಗುಣಿ ಹುಡುಕಿ, ಅದರಲ್ಲಿದ್ದ ಸಾರನ್ನು ನಮ್ಮ ಸಾರಿನ ಪಾತ್ರೆಗೆ ಸುರಿದಳು. ಸುಲಿದ ಬೆಳ್ಳುಳ್ಳಿಯನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಿಚಿದಳು.

"ಎಣ್ಣಿ ಜಾಸ್ತಿ ಹಾಕು. ಭಾಳ ವರ್ಷಾತು ಆಕಿ ಉಂಡು."

ನಾನು ಬಾಣಲೆ ಇಟ್ಟು ಎಣ್ಣೆ ಸುರಿದೆ.